ಪಂಚಮಿಯ ಡಬ್ಬಿಗಳು ಮನೆ ಸೇರಿದ ದಿನ

ಮಣ್ಣಿನ ಕಾರ್ಯ ಮುಗಿದು, ಬಂದ ಬಂಧುಗಳೆಲ್ಲ ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲಿನ ಮೊದಲ ಬೆಳಗ್ಗೆ ನಮ್ಮ ಮನೆಯಲ್ಲಿ ಚಹಾಪುಡಿ ಇರಲಿಲ್ಲ. ಅತ್ತೆ ಶಿವಬಸವ್ವನವರು ಅಡುಗೆಮನೆಯ ಗೋಡೆಗೆ ಒರಗಿ ಕುಳಿತಿದ್ದರು. ನಾನು ಚೀಲ ತೆಗೆದುಕೊಂಡು ಹಾನಗಲ್ಲಿನ ಬಳಕೆದಾರರ ಸಹಕಾರಿ ಕಿರಾಣಿ ಭಂಡಾರಕ್ಕೆ ಹೋದೆ. ನನ್ನ ಪತಿ ಪ್ರಶಾಂತ ಕಳೆದ ಬೇಸಿಗೆಯಲ್ಲಿ ಎದೆನೋವಿನಿಂದ ತೀರಿಕೊಳ್ಳುವವರೆಗೂ ಕೆಲಸ ಮಾಡಿದ್ದು ಅದೇ ಅಂಗಡಿಯಲ್ಲಿ.

ನಾನು ಕಟ್ಟೆ ಹತ್ತುತ್ತಲೇ ಅಲ್ಲಿದ್ದವರ ಮಾತು ನಿಂತಿತು. ಮುಂಜಾನೆಯ ಹೊತ್ತು ಒಬ್ಬರ ಮೊಣಕೈ ಒಬ್ಬರಿಗೆ ತಗಲದೆ ಮುಂದೆ ಹೋಗಲಾಗದ ಜಾಗ ಅದು. ಅಂಥಲ್ಲಿ ಜನ ಎರಡೂ ಬದಿಗೆ ಸರಿದು ನನಗೆ ದಾರಿ ಬಿಟ್ಟರು. ನಾನು ಚೀಲ ಹಿಡಿದು ಕಟ್ಟೆಯ ಅಂಚಿನಲ್ಲೇ ನಿಂತೆ.

ವ್ಯವಸ್ಥಾಪಕ ಶಿದ್ಲಿಂಗಪ್ಪನವರು ತಕ್ಕಡಿಯಿಂದ ತಲೆ ಎತ್ತದೆ, "ನೇತ್ರವ್ವ, ಪಾಳಿ ಐತಿ. ಗೋಣೆಪ್ಪನ ಹಿಂದ ನಿಲ್ಲು" ಅಂದರು.

"ಇರಲಿ ಬಿಡ್ರಿ, ಆಕಿ ಮೊದ್ಲ ತಗೊಂಡ ಹೋಗ್ಲಿ" ಎಂದರು ನಮ್ಮ ಓಣಿಯ ಗೋಣೆಪ್ಪ.

"ನಿನಗ ಅವಸರ ಇಲ್ಲಂದ್ರ ನೀ ಎಲ್ಲಾರ ಹಿಂದ ಹೋಗಿ ನಿಲ್ಲು. ಪಾಳಿ ಯಾಕ ಮುರೀತಿ?"

ಗೋಣೆಪ್ಪ ನಿಂತಲ್ಲೇ ನಿಂತರು. ನಾನು ಅವರ ಹಿಂದೆ ನಿಂತೆ. ಸ್ವಲ್ಪ ಹೊತ್ತಿಗೆ ಯಾರದೋ ಚೀಲ ನನ್ನ ಬೆನ್ನಿಗೆ ತಗುಲಿತು. ಗೋಣೆಪ್ಪ ಬೆಲ್ಲ ಆರಿಸುವ ರೀತಿಗೆ ಯಾರೋ ನಕ್ಕರು. ನನ್ನ ಪಾಳಿ ಬಂದಾಗ ಎಲ್ಲರಂತೆ ನನಗೂ ಚಹಾಪುಡಿ ಸಿಕ್ಕಿತು.

ನಮ್ಮ ಭಾಗದ ಸಹಕಾರಿ ರಂಗದಲ್ಲಿ ಸಂಘ ಕಟ್ಟಿದವರು, ಚುನಾವಣೆ ಗೆದ್ದವರು, ಕಟ್ಟಡ ಎಬ್ಬಿಸಿದವರು ಅನೇಕರಿದ್ದಾರೆ. ಒಂದು ಕಿರಾಣಿ ಅಂಗಡಿಯ ಕಟ್ಟೆಯನ್ನು ಊರು ಸೇರುವ ಜಾಗವನ್ನಾಗಿ ಮಾಡಿ, ಋತುವಿಗೆ ತಕ್ಕ ತಿನಿಸನ್ನು ಅದರ ನೆಪವಾಗಿಸಿದವರು ನಾನು ಕಂಡಂತೆ ಶ್ರೀ ಶಿದ್ಲಿಂಗಪ್ಪನವರೊಬ್ಬರೇ. ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅವರ ಕುರಿತು ಈ ಅಭಿನಂದನ ಸಂಪುಟಕ್ಕೆ ಪ್ರಶಾಂತ ಬರೆಯಬೇಕಿತ್ತು. ಅವರು ಒಪ್ಪಿಕೊಂಡಿದ್ದರು, ಆರಂಭಿಸಿರಲಿಲ್ಲ. ಸಂಪಾದಕರು ಆ ಪುಟಗಳನ್ನು ನನಗೆ ಕೊಟ್ಟಿದ್ದಾರೆ. ಶಿದ್ಲಿಂಗಪ್ಪನವರ ಸೇವೆಯ ಮೊದಲಿನ ವರ್ಷಗಳ ಬಗ್ಗೆ ನಾನು ಹೇಳುವುದೆಲ್ಲ ಪ್ರಶಾಂತರ ಬಾಯಿಂದ ಊಟದ ಹೊತ್ತಿನಲ್ಲಿ ಕೇಳಿದ್ದು.

ಅವರ ಸೇವೆ ಆರಂಭವಾದದ್ದು ಭಂಡಾರದ ಸವಣೂರು ಶಾಖೆಯಲ್ಲಿ, ಪೊಟ್ಟಣ ಕಟ್ಟುವ ಕೆಲಸದಿಂದ. ರಮಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಅಂಗಡಿಯ ಗದ್ದಲದಲ್ಲಿ ಸಿಕ್ಕಿಕೊಂಡ ಗಿರಾಕಿಗಳು ನೀರಿಗಾಗಿ ಅತ್ತಿತ್ತ ನೋಡುವುದನ್ನು ಕಂಡು, ತಕ್ಕಡಿಯ ಪಕ್ಕದಲ್ಲಿ ಒಂದು ತಟ್ಟೆ ಖಜೂರ ಮತ್ತು ತಂಬಿಗೆ ನೀರು ಇಡತೊಡಗಿದರಂತೆ. ಉಪವಾಸ ಇದ್ದವರಿಗಿಂತ ಇಲ್ಲದವರೇ ಹೆಚ್ಚು ಖಜೂರ ತಿಂದಾಗ ಮೇಲಿನವರು ಆಕ್ಷೇಪಿಸಿದರು. "ಕೈ ಚಾಚಿದವರಿಗೆ, ನಿಮಗ ಉಪವಾಸ ಐತೇನು ಅಂತ ಕೇಳೂದು ಚಲೋ ಕಾಣೂದಿಲ್ರಿ" ಎಂದು ಇವರು ಹೇಳಿದರು. ತಟ್ಟೆ ಉಳಿಯಿತು.

ಹಿರೇಕೆರೂರಿಗೆ ವರ್ಗವಾದ ಮೇಲೆ ಅವರ ಕಣ್ಣಿಗೆ ಬಿದ್ದದ್ದು ಎಳ್ಳಮಾವಾಸ್ಯೆ. ಅಂದು ಹೊಲಕ್ಕೆ ಬುತ್ತಿ ಒಯ್ದು, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ಕಡುಬು, ಪಲ್ಯ ಉಂಡು ಬರುವುದು ನಮ್ಮ ಕಡೆಯ ಪದ್ಧತಿ. ಊರೆಲ್ಲ ಹೊಲಕ್ಕೆ ಹೋದಾಗ ಹೊಲವೇ ಇಲ್ಲದ ಬಾಡಿಗೆ ಮನೆಯವರು ಬಾಗಿಲು ಹಾಕಿಕೊಂಡು ಒಳಗೆ ಇರುತ್ತಿದ್ದರು. ಶಿದ್ಲಿಂಗಪ್ಪನವರು ಪ್ರತಿ ವರ್ಷ ಒಬ್ಬ ರೈತ ಸದಸ್ಯರನ್ನು ಒಪ್ಪಿಸಿ, ಅವರ ಹೊಲದಲ್ಲಿ ಇಂಥವರ ಬುತ್ತಿ ಬಿಚ್ಚಿಸಿದರು. ಅಬಲೂರಿನ ಒಂದು ಜೋಳದ ಹೊಲದಲ್ಲಿ ಬಸ್ ಕಂಡಕ್ಟರರು, ಬ್ಯಾಂಕಿನ ಗುಮಾಸ್ತೆಯರು, ಕೊಪ್ಪಳದ ಕಡೆಯಿಂದ ಬಂದ ಶಾಲಾ ಮಾಸ್ತರರು ಕುಳಿತು ಉಂಡದ್ದನ್ನು ಪ್ರಶಾಂತ ತಾವೇ ಕಂಡವರಂತೆ ಹೇಳುತ್ತಿದ್ದರು. ಅವರು ಆಗಿನ್ನೂ ಕೆಲಸಕ್ಕೆ ಸೇರಿರಲಿಲ್ಲ.

ಶಿಗ್ಗಾಂವದಲ್ಲಿ ಮಾತ್ರ ಅವರಿಗೆ ಏನೂ ಕೈಗೂಡಲಿಲ್ಲ. ಅದು ಹೆದ್ದಾರಿಯ ಊರು. ಮಾವಿನ ಹಂಗಾಮಿನಲ್ಲಿ ಅಂಗಡಿಯ ಮುಂದೆ ಹಣ್ಣು ಹೆಚ್ಚಿಟ್ಟು ಜನರನ್ನು ಕರೆದರೆ, ಜನ ನಿಂತಲ್ಲೇ ತಿಂದು, ಕೈ ತೊಳೆದುಕೊಂಡು, ಬಸ್ಸು ಹತ್ತಿ ಹೋದರು. ಅದು ನನ್ನ ತವರೂರು. "ನಿಮ್ಮೂರ ಮಂದಿ ಕುಂದ್ರೂದ ಕಲ್ತಿಲ್ಲ ನೋಡವ್ವ" ಎಂದು ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವರು ನನ್ನನ್ನು ಕಾಡಿಸುತ್ತಿದ್ದರು.

ಹಾನಗಲ್ಲಿನಲ್ಲಿ ಅವರು ನೆಲೆಯಾಗಿ ನಿಂತರು. ಸಂಕ್ರಾಂತಿಗೆ ಕುಸುರೆಳ್ಳು, ಮೊಹರಮ್ಮಿಗೆ ಸಿಹಿ ಚೊಂಗೆ ರೊಟ್ಟಿ, ನಾಗರ ಪಂಚಮಿಗೆ ಉಂಡಿ, ಎಲ್ಲಕ್ಕೂ ಭಂಡಾರದ ಕಟ್ಟೆಯೇ ಜಾಗ. ಗಣೇಶ ಚೌತಿಯ ನಂತರ ಹಸಿ ಶೇಂಗಾದ ಮೊದಲ ಚೀಲ ಬಂದ ದಿನ ಕಟ್ಟೆಯ ಮೇಲೆ ಒಲೆ ಹೂಡಿ, ಉಪ್ಪು ಹಾಕಿ ಕುದಿಸಿ, ಬಂದವರಿಗೆಲ್ಲ ಹಂಚುವುದನ್ನು ಜನ ಹಬ್ಬದ ಹಾಗೆಯೇ ಕಾಯುತ್ತಿದ್ದರು.

ಅವರಲ್ಲಿ ಹಟವೂ ಇತ್ತೆಂಬುದನ್ನು ಮುಚ್ಚಿಡಬಾರದು. ಹಂಗಾಮು ಬರುವ ಮೊದಲು ಯಾವ ಮಾಲನ್ನೂ ಅವರು ಅಂಗಡಿಗೆ ತರಿಸುತ್ತಿರಲಿಲ್ಲ. ಹಬ್ಬಕ್ಕೆ ತಿಂಗಳಿರುವಾಗ ಕುಸುರೆಳ್ಳು ಕೇಳಿದವರಿಗೆ "ಚಳಿ ಬೀಳ್ಲಿ, ಆಮ್ಯಾಲ ಬಾ" ಎಂದು ಗದರುತ್ತಿದ್ದರು, ಕೇಳಿದವರು ನೇರ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ ಬಂದ ನಾನು ಇದು ವ್ಯಾಪಾರವಲ್ಲ ಎಂದು ಪ್ರಶಾಂತರಿಗೆ ಹೇಳಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ಈಗ ಕಳೆದ ವರ್ಷದ ಪಂಚಮಿಗೆ ಬರುತ್ತೇನೆ.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬದ ಸಿಹಿ ಮಾಡುವುದಿಲ್ಲ. ಆದರೆ ಹಬ್ಬದ ದಿನ ಆ ಮನೆಯವರ ಬಾಯಿ ಬರಿದಾಗಿರಬಾರದೆಂದು ಓಣಿಯವರು ತಮ್ಮ ಮನೆಯದನ್ನು ಕಳಿಸುತ್ತಾರೆ. ನಮಗೂ ಕಳಿಸಿದರು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಪುಟಾಣಿ ಉಂಡಿ, ಪ್ರತಿಯೊಂದು ಮನೆಯಿಂದ ಒಂದೊಂದು ಸ್ಟೀಲಿನ ಡಬ್ಬಿ. ಅತ್ತೆಯವರು ಒಂದನ್ನೂ ಬಾಯಿಗೆ ಹಾಕಲಿಲ್ಲ. ನಾನು ಸಿಹಿಯೆಂಬುದೇ ಗೊತ್ತಾಗದೆ ತಿಂದೆ. ಉಳಿದದ್ದನ್ನು ಕೂಲಿಯವರಿಗೆ ಹಂಚಿ, ಡಬ್ಬಿಗಳನ್ನು ತೊಳೆದು, ಒರೆಸಿ, ಸಾಲಾಗಿ ಜೋಡಿಸಿಟ್ಟೆ.

ತೊಡಕು ಆಗ ತಿಳಿಯಿತು. ಬಂದ ಡಬ್ಬಿಯನ್ನು ನಮ್ಮಲ್ಲಿ ಯಾರೂ ಖಾಲಿ ಮರಳಿಸುವುದಿಲ್ಲ. ನಮ್ಮ ಮನೆಯಲ್ಲೋ ಸಿಹಿ ಮಾಡುವಂತಿಲ್ಲ, ಸಕ್ಕರೆ ಬೆಲ್ಲವನ್ನೂ ಹೊರಗೆ ಕೊಡುವಂತಿಲ್ಲ. ಡಬ್ಬಿಯವರು ಕೇಳಲು ಬರಲಿಲ್ಲ. ಸತ್ತವರ ಮನೆಗೆ ಹೋಗಿ ಡಬ್ಬಿ ಕೇಳಿದಳು ಎನಿಸಿಕೊಳ್ಳಲು ಯಾರಿಗೆ ಮನಸ್ಸಾದೀತು? ದಿನ ಕಳೆದಂತೆ ನಾನು ಓಣಿಯಲ್ಲಿ ಹೊರಟರೆ ಅವರು ಒಳಗೆ ಸರಿಯತೊಡಗಿದರು, ಅವರು ಬರುವುದು ಕಂಡರೆ ನಾನು ಸರಿಯತೊಡಗಿದೆ.

ಇದೇ ದಿನಗಳಲ್ಲಿ ಶಿಗ್ಗಾಂವದಿಂದ ನನ್ನ ಅಣ್ಣ ಶರಣು ಬಂದು, "ಇಲ್ಲಿ ಯಾರದಾರ ನಿನಗ? ದಸರಾಕ್ಕ ಗಾಡಿ ತರ್ತೇನಿ, ಸಾಮಾನ ಕಟ್ಟಿಡು" ಎಂದು ಹೇಳಿ ಹೋದ. ಅತ್ತೆಯವರು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ನನಗೆ ಅವರನ್ನು ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಆದರೆ ಕೊಟ್ಟವರಿಗೆ ಏನನ್ನೂ ಮರಳಿ ಕೊಡಲಾಗದ ಊರಿನಲ್ಲಿ ಬದುಕುವುದು ಹೇಗೆಂದೂ ತಿಳಿಯಲಿಲ್ಲ. ಅಣ್ಣನಿಗೆ ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ.

ಪಕ್ಕದ ಮನೆಯ ಶೀಲಾ ಆಮೇಲೆ ಹೇಳಿದಳು. ಚೌತಿಗೆ ಡಬ್ಬಿಯಿಲ್ಲದೆ ಅವಳು ಭಂಡಾರಕ್ಕೆ ಹೋಗಿ ಹೊಸ ಡಬ್ಬಿ ಕೇಳಿದ್ದಳು. ಅವಳ ಹಿಂದೆ ನಿಂತವಳೂ ಅದನ್ನೇ ಕೇಳಿದಳು.

"ಓಣೀ ಡಬ್ಬಿ ಎಲ್ಲಾ ಎಲ್ಲಿ ಹೋದುವು?" ಎಂದರಂತೆ ಶಿದ್ಲಿಂಗಪ್ಪನವರು. "ಕಳುವಾದುವೇನು?"

"ನೇತ್ರಾನ ಮನ್ಯಾಗ ಅದಾವ್ರಿ. ಹೆಂಗ ಕೇಳೂದ್ರಿ?"

ಅವರು ಹೊಸ ಡಬ್ಬಿ ಕೊಡಲಿಲ್ಲ. ಆ ಸಂಜೆ ನಮ್ಮ ಮನೆಗೆ ಬಂದರು. ಅಡುಗೆಮನೆಯ ಸಾಲನ್ನು ನೋಡಿ, "ಭಾಂಡೆ ಅಂಗಡಿ ತೆಗದೀಯೇನವ್ವ?" ಎಂದರು. ಅತ್ತೆಯವರು ಗೋಡೆಯ ಕಡೆಯಿಂದ ಮುಖ ತಿರುಗಿಸಿದರು. ನಗಲಿಲ್ಲ, ಆದರೆ ತಿರುಗಿಸಿದರು.

"ಖಾಲಿ ಹೆಂಗ ಕೊಡ್ಲಿ ಕಾಕಾ? ಸಿಹಿ ಮಾಡಂಗಿಲ್ಲ."

"ಸಿಹಿ ಮಾಡಂತ ಯಾರಂದಾರ? ಹಸೇ ಶೇಂಗಾ ಹಾಕು. ಅದು ಹೊಲದ ಮಾಲು, ಅಡಗೀ ಅಲ್ಲ." ನಂತರ ಅತ್ತೆಯವರ ಕಡೆ ತಿರುಗಿ, "ಏನಂತೀ ಶಿವಬಸಕ್ಕ? ನೀ ಹೂಂ ಅಂದ್ರ ಅಷ್ಟ" ಎಂದರು.

ಅತ್ತೆಯವರು ಡಬ್ಬಿಗಳ ಸಾಲನ್ನು ಒಮ್ಮೆ ನೋಡಿ, "ಶೇಂಗಾ ನಡೀತಾವ" ಎಂದರು.

ಇಷ್ಟೇ ಮಾಡಿದ್ದರೂ ಸಾಕಿತ್ತು. ಅವರು ಅಲ್ಲಿಗೆ ಬಿಡಲಿಲ್ಲ. ಶೇಂಗಾದ ಮೊದಲ ಚೀಲ ಬರುವ ಹಿಂದಿನ ದಿನ ಭಂಡಾರದ ಕರಿಹಲಗೆಯ ಮೇಲೆ, ಪಂಚಮಿಯಿಂದ ಯಾರ ಮನೆಯಲ್ಲಿ ಯಾರ ಡಬ್ಬಿ ಉಳಿದಿದ್ದರೂ ನಾಳೆ ಕಟ್ಟೆಗೆ ತರಬೇಕು, ಶೇಂಗಾ ತುಂಬಿ ಆಯಾ ಮನೆಗೆ ಒಯ್ಯಬೇಕು ಎಂದು ಬರೆಸಿದರು. ಊರಿನಲ್ಲಿ ಡಬ್ಬಿ ಉಳಿಸಿಕೊಂಡವಳು ನಾನೊಬ್ಬಳೇ ಅಲ್ಲವೆಂಬುದು ನನಗೆ ಆಗ ತಿಳಿಯಿತು. ಯಾರ ಅಟ್ಟದಿಂದಲೋ ಹಳೆಯ ಡಬ್ಬಿಗಳು ಇಳಿದು ಬಂದವು. ಕಟ್ಟೆಯ ಮೇಲೆ ಇಟ್ಟ ರಾಶಿಯಲ್ಲಿ ನಮ್ಮ ಮನೆಯ ಸಾಲು ಯಾವುದೆಂದು ನನಗೇ ಗೊತ್ತಾಗಲಿಲ್ಲ.

"ಇದು ನಂದು. ಬುಡಕ್ಕ ನೋಡ್ರಿ, ಹೆಸರ ಕೊರಸೇನಿ."

"ಡಬ್ಬಿ ನಿಂದು, ಮುಚ್ಚಳ ನಂದು. ಹ್ವಾದ ವರ್ಷದಿಂದ ಹುಡುಕಾಕತ್ತೇನಿ."

"ಒಂದ ವರ್ಷ ಮುಚ್ಚಳ ಇಲ್ದ ಉಂಡಿ ಇಟ್ಟಿದ್ದ್ಯಾ? ಅದಕ್ಕ ನಿಮ್ಮ ಮನಿ ಉಂಡಿ ಕಲ್ಲಾಗ್ತಾವ."

"ಕಲ್ಲಾದ್ರೂ ನಿನ್ನ ಗಂಡ ಬಿಟ್ಟಾನೇನ? ಡಬ್ಬಿ ನೆಕ್ಕಿ ಕಳಿಸ್ಯಾನ!"

ಕುದಿಯುವ ಶೇಂಗಾದ ಹಬೆಯಲ್ಲಿ ಎಲ್ಲರೂ ನಕ್ಕರು. ಶೀಲಾ ತನ್ನ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ತೊಳದ್ದು ನೋಡ, ಕನ್ನಡಿ ಆಗೇತಿ. ಇನ್ನ ಮ್ಯಾಲ ಎಲ್ಲಾ ಭಾಂಡೆ ನಿನಗ ಕಳಸ್ತೇನಿ" ಎಂದಳು. ನಾನು ಹಸಿ ಶೇಂಗಾ ತುಂಬುತ್ತ ಹೋದೆ. ಉಗುರಿನ ಸಂದಿಗೆ ಮಣ್ಣು ಸೇರಿತು. ಆ ದಿನ ಬಹಳ ಜನ ನನ್ನ ಹೆಸರು ಹಿಡಿದು ಕರೆದರು.

ಕೊನೆಗೆ ಒಂದು ಡಬ್ಬಿಗೆ ವಾರಸುದಾರರು ಬರಲಿಲ್ಲ. ಶಿದ್ಲಿಂಗಪ್ಪನವರು ಕನ್ನಡಕ ಏರಿಸಿ ಬುಡವನ್ನು ಓದಿದರು. "ಮುಮ್ತಾಜಬೇಗಂ, ಸವಣೂರು. ಇದು ಪಂಚಮೀದಲ್ಲ. ರಮಜಾನ್ ಈದಿಗೆ ಪ್ರಶಾಂತ ಅವರ ಮನಿಗೆ ಹೋಗಿದ್ದ."

ಮುಮ್ತಾಜಬೇಗಂ ಅವರು ಭಂಡಾರಕ್ಕೆ ಕೈ ಶಾವಿಗೆ ಮಾಡಿಕೊಡುವವರು. ಆ ಹಬ್ಬದ ದಿನ ಪ್ರಶಾಂತ ಅಲ್ಲಿ ಸುರಕುಂಬಾ ಎಂಬ ಹಾಲು ಶಾವಿಗೆ ಉಂಡು, ತಾಯಿಗೂ ಬೇಕೆಂದು ಅವರದೇ ಡಬ್ಬಿಯನ್ನು ಎರವಲು ಪಡೆದು ಅದನ್ನೇ ತಂದಿದ್ದರು. ನಾವು ಮೂವರೂ ಉಂಡಿದ್ದೆವು. ಮರಳಿಸುವುದು ಉಳಿದುಹೋಗಿತ್ತು.

"ನೀವ ಸವಣೂರಿಗೆ ಹೋದಾಗ ಕೊಡ್ರಿ ಕಾಕಾ."

"ನಾ ಹೋಗ್ತಿರ್ತೇನಿ. ಖರೇ, ತಂದಾವ ನಿಮ್ಮ ಮನಿಯಾಂವ." ಅವರು ಮತ್ತೆ ತಕ್ಕಡಿಯ ಕಡೆ ಹೋದರು.

ಇನ್ನೊಬ್ಬರ ಕೆಲಸವನ್ನು ತಾವು ಮಾಡಿಕೊಟ್ಟು ಉಪಕಾರಿ ಎನಿಸಿಕೊಳ್ಳುವವರು ಬಹಳ. ಅದನ್ನು ಅವರಿಗೇ ಬಿಟ್ಟುಕೊಡುವವರು ಕಡಿಮೆ. ಶಿದ್ಲಿಂಗಪ್ಪನವರು ಆ ಕೆಲವರಲ್ಲಿ ಒಬ್ಬರು. ಅವರ ಮೊಣಕಾಲಿನ ನೋವು ಕಡಿಮೆಯಾಗಲಿ. ಇನ್ನು ಮುಂದೆ ಪಾಳಿಯಲ್ಲಿ ನಿಂತು ಸಾಮಾನು ಕೊಳ್ಳಬೇಕಾದ ಅವರಿಗೆ ತಾಳ್ಮೆ ಬರಲಿ. ಇನ್ನೂ ಅನೇಕ ಹಂಗಾಮುಗಳ ಶೇಂಗಾ ಅವರೇ ನಿಂತು ಕುದಿಸಲಿ, ಉಪ್ಪು ಹೆಚ್ಚಾಯಿತೆಂದು ನಾವು ಜಗಳ ತೆಗೆಯುತ್ತಿರುವಂತಾಗಲಿ.

ನಾನು ಸವಣೂರಿಗೆ ಹೋದೆನೋ ಇಲ್ಲವೋ ಎಂದು ಅವರು ಇದುವರೆಗೆ ಕೇಳಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದಸರೆಗೆ ಮೊದಲು, ಒಂದು ಮುಂಜಾನೆ ಬಂಕಾಪುರದಲ್ಲಿ ಬಸ್ಸು ಬದಲಿಸಿ ಹೋದೆ. ಮುಮ್ತಾಜಬೇಗಂ ಅವರು ಶಾವಿಗೆ ಒಣಹಾಕುತ್ತಿದ್ದರು. ಯಾರೆಂದು ಹೇಳಿದ ಮೇಲೆ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದರು.

"ಪ್ರಶಾಂತಪ್ಪನ ಮನಿಯವರಾ? ಯಾ ಅಲ್ಲಾ, ಒಂದ ಡಬ್ಬಿಗೆ ಇಷ್ಟ ದೂರ ಬಂದ್ರ್ಯಾ? ಕುಂದರ್ರಿ, ಕುಂದರ್ರಿ." ನನ್ನನ್ನೇ ನೋಡಿದರು. "ತವರಿಗೆ ಹೊಂಟೀರಿ ಅಂತ ಕೇಳಿದ್ದೆ. ಇಲ್ಲಿಂದ ಶಿಗ್ಗಾಂವಕ್ಕ ಹೋಗ್ತೀರೇನು?"

"ಇಲ್ರಿ. ಹಾನಗಲ್ಲಿಗೆ ಹೋಗ್ತೇನಿ. ನಮ್ಮತ್ತಿ ಕಾಯ್ತಿರ್ತಾರ."

ಹಾಗೆ ಹೇಳಿದ್ದನ್ನು ನಾನೂ ಮೊದಲ ಸಲ ಆಗಲೇ ಕೇಳಿದ್ದು. ಡಬ್ಬಿಯನ್ನು ಎರಡೂ ಕೈಯಿಂದ ಕೊಟ್ಟೆ. ಶೇಂಗಾ ತುಂಬಿದ್ದರಿಂದ ಭಾರವಿತ್ತು. ಅವರೂ ಎರಡೂ ಕೈಯಿಂದ ತೆಗೆದುಕೊಂಡರು.