ದಕ್ಷಿಣದ ಕಿಟಕಿ

ಸೊಲ್ಲಾಪುರದ ಅಂಚಿನಲ್ಲಿ, ಅಕ್ಕಲಕೋಟ ರಸ್ತೆಯ ಪಕ್ಕ, ಮೂರನೇ ಮಹಡಿಯ ಈ ಫ್ಲ್ಯಾಟನ್ನು ನಾನು ಕೊಂಡದ್ದು ಒಂದು ಕಿಟಕಿಗಾಗಿ. ಅಡುಗೆಮನೆ ಇಕ್ಕಟ್ಟು, ನಲ್ಲಿಗೆ ಮನಸ್ಸು ಬಂದಾಗ ನೀರು. ಆದರೆ ಹಾಲಿನ ದಕ್ಷಿಣದ ಕಿಟಕಿ ತೆರೆದರೆ ಹೊಲ, ಹೊಲದಾಚೆ ರೈಲು ಹಳಿ. ಆ ಹಳಿ ದುಧನಿಗೆ ಹೋಗುತ್ತದೆ. ಅಲ್ಲಿ ತಮ್ಮನ ಸಂಸಾರದ ಜೊತೆ ಅವ್ವ ಇದ್ದಾಳೆ. ಮದುವೆಯಾಗದೆ ಐವತ್ತು ದಾಟಿದವಳು ನಾನು; ಸಂಜೆಯ ಹೊತ್ತು ಆ ಕಿಟಕಿಯೇ ಜೊತೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮವ್ವನಲ್ಲಿ ನನಗೆ ಹೆಗ್ಗಣದ ಆ ಭಾಗ್ಯವೂ ಸಿಗಲಿಲ್ಲ. ನಮ್ಮದು ಕುರಿ ಸಾಕುವ ಮನೆ. ಮರಿ ಎಷ್ಟೇ ಚೆನ್ನಾಗಿದ್ದರೂ ಬಾಯಿಬಿಟ್ಟು ಹೊಗಳುವಂತಿಲ್ಲ, ದೃಷ್ಟಿ ತಾಗುತ್ತದೆ. ಮಕ್ಕಳಿಗೂ ಅದೇ ಕಾಯಿದೆ. ಅಕ್ಕಲಕೋಟದ ದವಾಖಾನೆಯ ಲ್ಯಾಬಿನಲ್ಲಿ ನೌಕರಿ ಸಿಕ್ಕಾಗ ಅವ್ವ "ಹ್ಞೂಂ" ಎಂದಿದ್ದಳು, ಅಷ್ಟೇ. ಮನೆ ಕೊಂಡೆನೆಂದು ಫೋನ್ ಮಾಡಿದಾಗ ಒಂದು ಮಾತು ಹೆಚ್ಚು ಬಂತು.

"ಹ್ಞೂಂ. ತಿಳದವ್ರಿಗೆ ತೋರ್ಸೀಯೇನು?"

"ನೀನ ಬಾರವ್ವಾ. ಕಿಡಕಿಗೆ ಕೆಂಪು ಸೀರಿ ಕಟ್ಟಿರ್ತೀನಿ, ರೈಲ್ ಗಾಡ್ಯಾಗಿಂದನ ಕಾಣತೈತಿ," ಎಂದೆ.

"ನೋಡೂಣು," ಎಂದು ಫೋನ್ ಇಟ್ಟಳು.

ತಿಳಿದವರು ಸರಿ ಎಂದರೆ ಅವ್ವನೂ ಸರಿ ಎಂದಾಳೆಂಬ ಆಸೆಯಿಂದ ವಾಸ್ತು ತಜ್ಞರೊಬ್ಬರನ್ನು ಕರೆಸಿದೆ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ದಿಕ್ಸೂಚಿ. ನನ್ನ ಕಿಟಕಿಯ ಮುಂದೆ ನಿಂತು ಲೊಚಗುಟ್ಟಿದರು.

"ಬಾಯಾರ, ಇದು ಯಮನ ದಿಕ್ಕು. ಈ ಕಿಡಕಿ ಇರೂತನಾ ನೀವು ಈ ಮನ್ಯಾಗ ಒಬ್ಬರ ಇರ್ತೀರಿ."

ನಾನು ಒಬ್ಬಳೇ ಎಂಬುದಕ್ಕೆ ದಿಕ್ಸೂಚಿ ಬೇಕಿರಲಿಲ್ಲ; ನನ್ನ ಒಂದೇ ಕುರ್ಚಿ ಅದನ್ನು ಹೇಳುತ್ತಿತ್ತು. ಆದರೂ ಆ ಮಾತು ಎದೆಗೆ ನಾಟಿತು. ರಿಪೋರ್ಟ್ ನೋಡಿ ಹೆದರಿದವರಿಗೆ ಲ್ಯಾಬಿನಲ್ಲಿ ದಿನಾ "ಮಷೀನೂ ತಪ್ಪತೈತ್ರಿ, ಇನ್ನೊಮ್ಮೆ ತೋರ್ಸ್ರಿ" ಎಂದು ಧೈರ್ಯ ಹೇಳುವವಳು ನಾನು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಆ ವಾರವೇ ಗವಂಡಿಯನ್ನು ಕರೆದು ಕಿಟಕಿಗೆ ಇಟ್ಟಿಗೆ ಕಟ್ಟಿಸಿದೆ. ಮೇಲೆ ಗೋಡೆಯದೇ ಬಣ್ಣ.

ಅಲ್ಲಿಂದ ಹಗಲಲ್ಲೂ ದೀಪ. ಗಾಡಿಯ ಸದ್ದು ಕೇಳುತ್ತಿತ್ತು, ಗಾಡಿ ಕಾಣುತ್ತಿರಲಿಲ್ಲ. ಯಮ ಹೋದನೋ ಏನೋ, ಬೇರೆ ಯಾರೂ ಮನೆಗೆ ಬರಲಿಲ್ಲ.

ಚಳಿಗಾಲದ ಒಂದು ರವಿವಾರ ಅವ್ವ ಹೇಳದೆ ಕೇಳದೆ ಬಂದಳು. ತಮ್ಮ ಅವಳನ್ನು ಸ್ಟೇಷನ್ನಿನಿಂದ ಆಟೋದಲ್ಲಿ ತಂದು ಬಿಟ್ಟು ಪೇಟೆಗೆ ಹೋದ. ಅವಳು ಕೂರುವ ಮೊದಲೇ ನಾನು ಗೋಡೆ ತೋರಿಸಿದೆ.

"ತಿಳದವ್ರಿಗೆ ತೋರ್ಸೀನವ್ವಾ. ಕಿಡಕಿದು ದೋಷ ಇತ್ತಂತ. ಮುಚ್ಚಿಸೀನಿ."

ಅವ್ವ ಗೋಡೆಯ ಮೇಲೆ ಕೈಯಾಡಿಸಿದಳು. ಹ್ಞೂಂ ಅನ್ನಲಿಲ್ಲ.

"ಗಾಡ್ಯಾಗ ಬಾಜೂಕ ಕುಂತವ್ರಿಗೆಲ್ಲಾ ಹೇಳಿದ್ದೆ," ಎಂದಳು. "ನನ್ನ ಮಗಳು ತನ್ನ ದುಡಿಮ್ಯಾಗ ಮನಿ ತಗೊಂಡಾಳ, ಕೆಂಪು ಸೀರಿ ಕಟ್ಟ್ಯಾಳ, ಈಗ ಬರತೈತಿ ನೋಡ್ರಿ ಅಂತ. ಎಲ್ಲಾರೂ ಬಗ್ಗಿ ನೋಡಿದ್ರು."

"ಆಮ್ಯಾಲ?"

"ಆಮ್ಯಾಲ ಏನು, ಸ್ಟೇಷನ್ ಬಂತು."

ಜೀವಮಾನವಿಡೀ ನಾನು ಕಾದಿದ್ದ ಮಾತನ್ನು ಅವ್ವ ದೃಷ್ಟಿಯ ಭಯ ಬಿಟ್ಟು ಗುರುತಿಲ್ಲದವರ ಮುಂದೆ ಆಡಿ ಬಂದಿದ್ದಳು. ಆ ಹೊತ್ತಿಗೆ ನಾನು ಗೋಡೆಯ ಈಚೆ ದೀಪ ಹಾಕಿಕೊಂಡು ಕುಳಿತಿದ್ದೆ. ಚಹಾ ಇಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಚಹಾ ಉಕ್ಕಿ ಚೆಲ್ಲುವವರೆಗೂ ಅತ್ತೆ.

ಮರುದಿನ ಅವ್ವ ಊರಿಗೆ ಹೋದಳು. ಗವಂಡಿಯನ್ನು ಮತ್ತೆ ಕರೆದೆ.

"ಒಡಿಯೂದಾ? ಈ ಸಲ ಯಾರ್ ಹೇಳ್ಯಾರ್ರಿ, ಅಕ್ಕಾರ?" ಎಂದು ನಕ್ಕ.

"ನಾನ ಹೇಳೀನಿ. ಒಡಿ."

ಕಿಟಕಿ ಈಗ ತೆರೆದಿದೆ. ತಜ್ಞರು ಹೇಳಿದ್ದೇನೂ ಸುಳ್ಳಾಗಲಿಲ್ಲ; ನಾನು ಒಬ್ಬಳೇ ಇದ್ದೇನೆ. ಕಿಟಕಿ ಮುಚ್ಚಿದ್ದಾಗಲೂ ಒಬ್ಬಳೇ ಇದ್ದೆ. ಅವ್ವನಿಗೆ ಮೊಣಕಾಲು ಹಿಡಿದಿದೆ, ಆಮೇಲೆ ಬಂದಿಲ್ಲ, ಇನ್ನು ಬರುವುದೂ ಕಷ್ಟ. ಗೋಡೆ ಒಡೆಸಿದ ದಿನವೇ ಕಟ್ಟಿದ ಕೆಂಪು ಸೀರೆ ಬಿಸಿಲಿಗೆ ಮಾಸಿಹೋಯಿತು. ಮೊನ್ನೆ ಪೇಟೆಗೆ ಹೋಗಿ ಹೊಸದು ತಂದು ಕಟ್ಟಿದೆ, ಮೊದಲಿನದಕ್ಕಿಂತ ಕೆಂಪು.