ಶಾಂತಾಬಾಯಿಯ ಸಹಿ

ಗುಂಡಿ ಒತ್ತಿ, ರಿಂಗ್ ಆಗದಂತೆ ಇಂಟರ್‌ಕಾಮ್ ಬಂದ್ ಮಾಡಿದವರು, ಕೆಲಸ ಮುಗಿದ ಮೇಲೆ ಅದೇ ಗುಂಡಿ ಒತ್ತಿ ಚಾಲೂ ಮಾಡಬೇಕು. ಇಂಟರ್‌ಕಾಮ್ ಕೂರಿಸುವುದು ನನ್ನ ಕೆಲಸ. ಆಳಂದದ ಸಣ್ಣ ಹೆರಿಗೆ ಆಸ್ಪತ್ರೆಯೊಂದರ ಫೋನುಗಳಿಗೆಲ್ಲ ಈ ಗುಂಡಿ ಹೊಂದಿಸಿ, ನಿಯಮವನ್ನು ನಾನೇ ಬರೆದು ಗೋಡೆಗೆ ಅಂಟಿಸಿದ್ದೆ. ಮಧ್ಯಾಹ್ನದೊಳಗೆ ಡಾಕ್ಟರು ಮರೆತರು, ಮ್ಯಾನೇಜರು ಮರೆತರು. ತೋರಿಸಿಕೊಡಲೆಂದು ಒತ್ತಿದ ನಾನೂ ಮರೆತೆ. ಅದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಕೆಲಸ ಸರಿಯಾಗಿದೆ ಎಂಬ ಕಾಗದಕ್ಕೆ ಎಲ್ಲರೂ ಸಹಿ ಹಾಕಿದರು. ಹೆರಿಗೆ ಕೋಣೆಯ ನರ್ಸ್ ಶಾಂತಾಬಾಯಿ ಮಾತ್ರ ಪೆನ್ನು ಮುಟ್ಟಲಿಲ್ಲ.

“ಡಾಕ್ಟರ್ ಸಾಹೇಬ್ರು ಊಟಕ್ಕ ಕುಂತಾಗ ಬಂದ್ ಮಾಡ್ತಾರ. ಇಲ್ಲಿ ಬಾಣಂತಿಗಿ ರಕ್ತ ನಿಲ್ಲಲಿಲ್ಲಂದ್ರ ನಾ ಯಾರಿಗಿ ಕರೀಲ್ರಿ?”

“ಮತ್ತೆ ಒತ್ತಬೇಕು ಅಂತ ನಿಯಮ ಇದೆಯಲ್ಲ” ಅಂದೆ ನಾನು.

“ನಿಯಮ ಗ್ವಾಡಿ ಮ್ಯಾಲ ಅದರಿ. ಬರದವ್ರೇ ಮರ್ತೀರಿ.”

“ಸುಮ್ನ ಸಹಿ ಹಾಕ್ರಿ ಸಿಸ್ಟರ್, ಅವರಿಗಿ ಬಸ್ಸಿನ ಹೊತ್ತಾತು” ಅಂದರು ಮ್ಯಾನೇಜರು.

ನಾನು ಆ ಬಸ್ಸು ಬಿಟ್ಟೆ. ಹೆರಿಗೆ ಕೋಣೆಯಿಂದ ಬರುವ ಕರೆ ಮಾತ್ರ, ಬಂದ್ ಮಾಡಿದ ಫೋನಿನಲ್ಲೂ ರಿಂಗ್ ಆಗುವಂತೆ ಮಾಡಿದೆ.

ಶಾಂತಾಬಾಯಿ ಆಗಲೂ ಸಹಿ ಹಾಕಲಿಲ್ಲ. ಡಾಕ್ಟರು ಗುಂಡಿ ಒತ್ತಿ ಊಟಕ್ಕೆ ಕೂರುವವರೆಗೆ ಕಾದು, ಕರೆ ಮಾಡಿದರು. ಕೈಯಲ್ಲಿ ರೊಟ್ಟಿಯ ತುಣುಕು ಹಿಡಿದೇ ಡಾಕ್ಟರು ಓಡಿ ಬಂದರು. ಅವರನ್ನು ಬಾಗಿಲಲ್ಲಿ ಕಣ್ಣಾರೆ ಕಂಡ ಮೇಲೆ, ಆಕೆ ನನ್ನತ್ತ ಕೈ ಚಾಚಿ ಪೆನ್ನು ಕೇಳಿದರು.