ನಲ್ಲಿ ನೀರಿನ ಬೆವರು

ಕಾಲೇಜಿನ ರಿಲೇ ತಂಡದಲ್ಲಿ ಎಲ್ಲರೂ ಅವಳನ್ನು ಚಿಗರೆ ಎನ್ನುತ್ತಾರೆ. ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಸೇರಿದಾಗಿನಿಂದ ಈ ಚಿಗರೆ ಓಡುವುದು ಮ್ಯಾನೇಜರ್ ಕೂಗಿದಾಗ ಮಾತ್ರ. ಮೊದಲ ಮಹಡಿಗೂ ಲಿಫ್ಟೇ ಬೇಕು. ಮೇಜಿನಡಿ ಹಾಯಾಗಿ ಮಲಗಿರುವ ಓಟದ ಶೂಗಳಿಗೆ "ನಾಳೆಯಿಂದ ಗ್ಯಾರಂಟಿ ಕಣ್ರಪ್ಪಾ" ಎಂದು ದಿನವೂ ಮಾತು ಕೊಡುತ್ತಾಳೆ. ಅಷ್ಟರಲ್ಲಿ ಮೇಜಿನ ಮೇಲೆ ಇನ್ನೊಂದು ಕೆಲಸ ಬಂದು ಬೀಳುತ್ತದೆ. ಸಂಜೆ ಅಭ್ಯಾಸ ಆಯಿತೇ ಎಂದು ಕೇಳಲು ಕೋಚ್ ವಿಡಿಯೊ ಕರೆ ಮಾಡುವ ಹೊತ್ತಿಗೆ ವಾಶ್‌ರೂಮಿಗೆ ನುಗ್ಗಿ, ಹಣೆಗೆ ಕುತ್ತಿಗೆಗೆ ನಲ್ಲಿ ನೀರು ಚಿಮುಕಿಸಿಕೊಂಡು, ಏದುಸಿರು ಬಿಡುತ್ತ "ಈಗಷ್ಟೇ ಓಡಿ ಬಂದೆ ಸರ್" ಎನ್ನುತ್ತಾಳೆ. ನಿನ್ನೆ ಕೋಚ್ ಫೋನನ್ನು ಮೈದಾನದತ್ತ ತಿರುಗಿಸಿದರು. ಮೊಣಕಾಲು ಹಿಡಿದು ತೇಕುತ್ತಿದ್ದ ಅವಳ ತಂಡದವರಿಗೆ, "ನೋಡ್ರೇ, ಆಫೀಸಲ್ಲಿ ದುಡಿದೂ ಹೇಗೆ ಬೆವರಿದಾಳೆ! ಹೊಡೀರಿ ಇನ್ನೊಂದು ಸುತ್ತು" ಎಂದರು. ತಂಡದವರು ಮತ್ತೆ ಓಡತೊಡಗಿದರು. ಅವಳ ಮುಖ ಆಗಲೇ ಒಣಗತೊಡಗಿತ್ತು. ಮತ್ತೆ ನಲ್ಲಿ ತಿರುಗಿಸಲು ಕೈ ಬರಲಿಲ್ಲ.